ಇಪ್ಪತ್ತೈದರ ಕಟ್ಟು

ನಾನು ಓದಿದ್ದು ಎರಡನೇ ಕ್ಲಾಸು. ಆಮೇಲೆ ಎಲೆ, ಹೊಗೆಸೊಪ್ಪು ಇಡುವ ತಡ್ಪೆಯ ಮೊರ ಮಡಿಲಿಗೆ ಬಂತು, ಬೀಡಿ ಕಟ್ಟಿ ಕಟ್ಟಿಯೇ ಮುದುಕಿಯಾದೆ. ಸೊಸೆಗೆ ಕದ್ರಿಯಲ್ಲಿ ಬಟ್ಟೆ ಅಂಗಡಿಯ ಕೆಲಸ. ನಂತೂರಿನಲ್ಲಿ ಬಸ್ಸು ಸಿಕ್ಕಿಬಿದ್ದು ಅವಳು ಕುಲಶೇಖರದ ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಹಾಗಾಗಿ ಒಂದನೇ ಕ್ಲಾಸಿನ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಪಾಲಿಗೆ ಬಂತು. ಆ ಮನೆಯಲ್ಲಿ ನನ್ನ ಮಾತಿಗೆ ಯಾರಾದರೂ ಕಿವಿ ಕೊಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಯಾವ ಸಂಖ್ಯೆ ದೊಡ್ಡದು, ಯಾವುದು ಸಣ್ಣದು ಎಂಬ ಪಾಠ. ಕಟ್ಟು ಮಾಡಿ ಎಣಿಸಬೇಕು, ಕಟ್ಟು ಎಷ್ಟೆಂದು ಎಡಕ್ಕೆ, ಉಳಿದದ್ದು ಬಲಕ್ಕೆ ಬರೆಯಬೇಕು, ದೊಡ್ಡದು ಯಾವುದೆಂದು ನೋಡುವಾಗ ಮೊದಲು ಕಟ್ಟು ನೋಡಬೇಕು ಎಂದು ಟೀಚರು ಹೇಳಿದ್ದಾರಂತೆ. ಒಂದು ಕಟ್ಟಿಗೆ ಎಷ್ಟೆಂದು ಮೊಮ್ಮಗಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬೀಡಿಯ ಕಟ್ಟಿಗೆ ಇಪ್ಪತ್ತೈದು. ನನ್ನ ಕೈಗೆ ಬೇರೆ ಕಟ್ಟು ಗೊತ್ತಿಲ್ಲ. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಕಟ್ಟಿಟ್ಟ ಬೀಡಿಯನ್ನೇ ಎದುರಿಗಿಟ್ಟು ಕಲಿಸಿದೆ. ಬೇಗ ಕಲಿತಳು.

ಪರೀಕ್ಷೆಯಲ್ಲಿ ಒಂದು ಕಡೆ ಮೂವತ್ತು ಹೂವಿನ ಚಿತ್ರ, ಇನ್ನೊಂದು ಕಡೆ ಇಪ್ಪತ್ತನಾಲ್ಕು. ಎಣಿಸಿ ಬರೆದು ದೊಡ್ಡದಕ್ಕೆ ಸುತ್ತು ಹಾಕಬೇಕು. ಮೂವತ್ತರಲ್ಲಿ ಒಂದು ಕಟ್ಟು, ಉಳಿದದ್ದು ಐದು ಎಂದು ಇವಳು 15 ಬರೆದಳು. ಇಪ್ಪತ್ತನಾಲ್ಕರಲ್ಲಿ ಕಟ್ಟೇ ಆಗಲಿಲ್ಲ. ಇದ್ದ ಹಾಗೆ 24 ಬರೆದು, ಎಡಗಡೆ ಒಂದಕ್ಕಿಂತ ಎರಡು ದೊಡ್ಡದೆಂದು ಅದಕ್ಕೇ ಸುತ್ತು ಹಾಕಿದಳು.

ಟೀಚರು ಸೊಸೆಯನ್ನು ಕರೆಸಿದರು. ಕಲಿಸಿದ್ದು ಯಾರೆಂದು ಮಗು ಹೇಳಿತಂತೆ, ಅಲ್ಲಿದ್ದವರು ನಕ್ಕರಂತೆ. ಮನೆಗೆ ಬಂದ ಸೊಸೆ ಬ್ಯಾಗೂ ಇಳಿಸಲಿಲ್ಲ.

"ಮಾಮಿ, ಎಡಗಡೆ ಹತ್ತರ ಸ್ಥಾನ. ಹತ್ತರ ಕಟ್ಟು. ಶಾಲೆಯಲ್ಲಿ ಬೀಡಿ ಕಟ್ಟಲಿಕ್ಕೆ ಕಲಿಸುವುದಲ್ಲ."

"ಹತ್ತು ಅಂತ ಹೇಳಿದ್ರೆ ಹತ್ತೇ ಕಟ್ತಿದ್ದೆ ಮಾರಾಯ್ತಿ. ಅದರಲ್ಲಿ ಎಂತ ಉಂಟು?"

"ಎಂತ ಉಂಟು ಅಂತ ನೀವೇ ಹೋಗಿ ಟೀಚರ್ ಹತ್ರ ಕೇಳಿ. ನಾಳೆಯಿಂದ ಅವಳು ಟ್ಯೂಷನ್‌ಗೆ ಹೋಗ್ತಾಳೆ."

ಮರುದಿನ ಅಂಗಳ ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಎಳೆದು, ಹತ್ತು ಹತ್ತರ ಕಟ್ಟು ಮಾಡಿ, ಬೀಡಿಯ ನೂಲಿನಲ್ಲೇ ಬಿಗಿದು ಕೂತೆ. ಟ್ಯೂಷನ್ ಮುಗಿಸಿ ಬಂದ ಮೊಮ್ಮಗಳು ಒಂದು ಕಟ್ಟು ಬಿಚ್ಚಿ, ನನ್ನ ಎದುರಿಗೇ ಒಂದೊಂದಾಗಿ ಎಣಿಸಿದಳು. ಹತ್ತೇ ಇತ್ತು.

"ಆದ್ರೂ ನಿನ್ನ ಹತ್ರ ಕೇಳ್ಬಾರ್ದು ಅಂತೆ ಅಜ್ಜಿ. ಅಮ್ಮ ಹೇಳಿದ್ದಾರೆ" ಎಂದು ಎದ್ದು ಹೋದಳು.

ಕಡ್ಡಿಗಳನ್ನು ಪುನಃ ಹಿಡಿಸೂಡಿಗೆ ಸಿಕ್ಕಿಸಿದೆ. ಗುಡಿಸಲಿಕ್ಕೆ ಕಟ್ಟಿನಲ್ಲಿ ಎಷ್ಟಿದ್ದರೂ ಆಗುತ್ತದೆ.