ಗವಾಕ್ಷಿಯ ಕೆಳಗೆ ಉಗುಳಿದ ಕವಳಿ ಹಣ್ಣು

ಆಗಿನ್ನೂ ನಮ್ಮ ಗುಡೇಕೋಟೆಯ ಮನೆಗಳಿಗೆ ಕರೆಂಟು ಬಂದಿರಲಿಲ್ಲ. ಮಣ್ಣಿನ ಮಾಳಿಗೆಯ ಚಾವಣಿಯಲ್ಲಿ ಕೊಡದ ಬಾಯಿಯಷ್ಟು ಅಗಲದ ಗವಾಕ್ಷಿ ಇರುತ್ತಿತ್ತು. ಹಗಲಿನ ಬೆಳಕೆಲ್ಲ ಅದರಿಂದಲೇ ಇಳಿಯಬೇಕು. ಮಳೆ ಬಂದು ಅದನ್ನು ಮುಚ್ಚಿದರೆ ಒಳಗೆಲ್ಲ ಕತ್ತಲು. ನನ್ನ ವಯಸ್ಸಿನವರಿಗೆ ಆ ಕತ್ತಲಿನ ವಾಸನೆ ನೆನಪಿದ್ದೀತು: ಒದ್ದೆ ಮಣ್ಣು, ಸೀಮೆಎಣ್ಣೆ, ಕಂಬಳಿ. ನನಗೆ ಅದು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ.

ನಮ್ಮ ಶಾಲೆಯೂ ಅಂಥದೇ ಒಂದು ಮಾಳಿಗೆ ಮನೆ. ಮುಂಗಾರು ಶುರುವಾಗಿತ್ತು, ಗುಡ್ಡದ ಮುಳ್ಳುಗಿಡಗಳಲ್ಲಿ ಕವಳಿ ಹಣ್ಣು ಕಪ್ಪಾಗಿದ್ದವು. ರುದ್ರಪ್ಪ ಮೇಷ್ಟ್ರು ಒಂದು ದಿನ ಕೇಳಿದರು, “ನಮಗ ಕಣ್ಣು ಹೆಂಗ ಕಾಣ್ತಾವ್ರಲೇ?”

“ಕಣ್ಣಾಗ ಬೆಳಕು ಐತ್ರಿ. ಅದು ಹೊರಗ ಹೋಗಿ ನೋಡ್ಕೊಂಡು ಬರ್ತೈತ್ರಿ,” ಎಂದೆ. ಬೆಕ್ಕಿನ ಕಣ್ಣು ಹೊಳೆಯುವುದನ್ನು ಕಂಡಿದ್ದೆ.

“ಭಾಳ ಶಾಣ್ಯಾ ಅದೀಯಪ್ಪ ಕೊಟ್ರೇಶಿ! ಹಂಗಾರ ಕತ್ಲಾಗೂ ಕಾಣ್ಬೇಕಲ್ಲ? ನಾಳಿ ನೋಡೇಬಿಡಾಣ. ಎಲ್ಲಾರೂ ತಿನ್ನಾದು ಏನಾರ ತರ್ರಿ. ಯಾರಿಗೂ ತೋರಸಬ್ಯಾಡ್ರಿ.”

ಮರುದಿನ ಅವರು ಬಾಗಿಲು ಹಾಕಿ, ಗವಾಕ್ಷಿಗೆ ಗೋಣಿಚೀಲ ತುರುಕಿದರು. ಕತ್ತಲಲ್ಲಿ ನಮ್ಮ ಭುಜ ಹಿಡಿದು ಒಬ್ಬೊಬ್ಬರನ್ನೂ ಜಾಗ ಬದಲಿಸಿದರು. ಕೇರಿಯ ಹುಡುಗ ದುರುಗಪ್ಪ ದಿನವೂ ಹೊಸ್ತಿಲ ಬಳಿ ಒಬ್ಬನೇ ಕೂಡುತ್ತಿದ್ದ. ಅವನ ಬಳಪ ನಮ್ಮ ಕಡೆ ಉರುಳಿದರೆ ಕಾಲಿನಿಂದ ತಳ್ಳುತ್ತಿದ್ದೆವು. ಗುಡ್ಡದ ಮೇಲೆ ಮಾತ್ರ ಅವನೂ ನಾನೂ ಗೋಲಿ ಆಡುತ್ತಿದ್ದೆವು. ಬಂಡೆ ಹತ್ತುವಾಗ ಅವನೇ ಕೈ ಕೊಡುತ್ತಿದ್ದ. ಊರು ಕಂಡ ಕೂಡಲೇ ನಾನು ದೂರ ಸರಿಯುತ್ತಿದ್ದೆ.

“ಪಕ್ಕದಾವನ ಕೈಯಾಗ ನಿಮ್ದು ಹಾಕ್ರಿ. ಮೂಸ್ರಿ, ತಿನ್ರಿ, ಏನು ಅಂತ ಹೇಳ್ರಿ!”

“ಶೇಂಗಾ ರೀ!” “ಮಂಡಕ್ಕಿ ರೀ!” “ಲೇ, ಅದು ನನ್ ಮೂಗಲೇ, ಬಾಯಲ್ಲ!” ಕತ್ತಲೆಲ್ಲ ನಗು.

ನನ್ನ ಅಂಗೈಗೆ ಮೆತ್ತಗಿನ ದುಂಡನೆಯದೊಂದು ಬಿತ್ತು. ಬಾಯಿಗೆ ಹಾಕಿದೆ. ಹುಳಿಸಿಹಿ, ತುಟಿಗೆ ಅಂಟುವ ಹಾಲು. “ಕವಳಿ ಹಣ್ಣು ರೀ!” ಎಂದು ಕೂಗಿ, ಪಕ್ಕಕ್ಕೆ ಬಾಗಿ, “ಇನ್ನೊಂದು ಕೊಡಲೇ, ಸಕ್ರಿ ಆಗೈತಿ,” ಎಂದೆ. ಆ ಕೈ ನನ್ನ ಅಂಗೈ ತಡವಿ ಇನ್ನೊಂದು ಕೊಟ್ಟಿತು. ಅದನ್ನೂ ಬಾಯಿಗೆ ಹಾಕಿಕೊಂಡೆ.

ಮೇಷ್ಟ್ರು ಕೋಲಿನಿಂದ ಗೋಣಿಚೀಲ ಎಳೆದರು. ಧೂಳಿನ ಕಂಬದಂತೆ ಬೆಳಕು ನೇರ ನಮ್ಮಿಬ್ಬರ ನಡುವೆ ಇಳಿಯಿತು.

“ನೋಡ್ರಿ, ಬೆಳಕು ಹೊರಗಿಂದ ಬಂತು, ಕೈಮ್ಯಾಲ ಬಿತ್ತು, ಕೈಯಿಂದ ಪುಟಿದು ನಿಮ್ಮ ಕಣ್ಣಿಗೆ ಬಂತು. ಅದಕ್ಕ ಕೈ ಕಾಣ್ತು.”

ಕಂಡದ್ದು ದುರುಗಪ್ಪನ ಕೈ. ಮುಳ್ಳು ಗೀರಿದ್ದ ಅಂಗೈಯಲ್ಲಿ ಇನ್ನೂ ಹಣ್ಣು ಉಳಿದಿದ್ದವು. ಅವನು ನಗುತ್ತಿದ್ದ. ಉಳಿದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ತೂ ಎಂದು ಉಗುಳಿದೆ. ಅದು ಅವನ ಅಂಗೈ ಮೇಲೆಯೇ ಬಿತ್ತು. ಆಮೇಲೆ ಗಂಟಲಿಗೆ ಬೆರಳು ಹಾಕಿಕೊಂಡೆ. ವಾಂತಿ ತಾನಾಗಿ ಬಂದಿರಲಿಲ್ಲ, ನಾನೇ ಬರಿಸಿಕೊಂಡೆ.

“ಈಗಿನ್ನೂ ಸಕ್ರಿ ಅಂದೆಲ್ಲೋ,” ಎಂದರು ಮೇಷ್ಟ್ರು, ದನಿ ಇಳಿಸಿ. “ಬೆಳಕು ಬಿದ್ರ ಹಣ್ಣು ಕೆಡ್ತೈತೇನು?”

ದುರುಗಪ್ಪ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಹೊಸ್ತಿಲಿಗೆ ವಾಪಸು ಹೋಗಿ ಕೂತ.

ಮನೆಯಲ್ಲಿ ಅಳುತ್ತಾ ಹೇಳಿದೆ. “ಅಯ್ಯ ಶಿವನ, ಕತ್ಲಾಗ ಕೂಡಿಸಿ ಹುಡುಗರ ಜಾತಿ ಕೆಡಸ್ತಾನ ಅವ!” ಎಂದು ಅಜ್ಜಿ ನನ್ನ ನಾಲಿಗೆಗೆ ವಿಭೂತಿ ತಿಕ್ಕಿದಳು. ಸಂಜೆಗೆ ಹಿರಿಯರು ಮೇಷ್ಟ್ರ ಮನೆ ಮುಂದೆ ನಿಂತಿದ್ದರು. ಅಂದಿನಿಂದ ಮೇಷ್ಟ್ರು ಬೆಳಕಿನ ಪಾಠವನ್ನು ಪುಸ್ತಕದಿಂದ ಬಾಯಿಪಾಠ ಮಾಡಿಸಿದರು, ಅಷ್ಟೆ. ದುರುಗಪ್ಪ ಕೆಲ ದಿನ ಬಂದ, ಆಮೇಲೆ ಶಾಲೆ ಬಿಟ್ಟು ಕುರಿ ಹಿಂದೆ ಹೋದ. ನಾನು ಹೈಸ್ಕೂಲು ಮುಗಿಸಿದೆ. ಆ ಪಾಠಕ್ಕೆ ನನಗೆ ಪೂರ್ತಿ ಅಂಕ ಬಂದಿದ್ದವು ಎನ್ನಲು ಅಸಹ್ಯವಾಗುತ್ತದೆ.

ಈ ಮುಂಗಾರಿನಲ್ಲಿ ದುರುಗಪ್ಪನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಚಹಾ ಕೊಡಿಸಿದ. ನಾನು ತಡವರಿಸುತ್ತ ಎಲ್ಲ ಹೇಳಿದೆ.

“ಉಗುಳಿದೋರು ಭಾಳ ಮಂದಿ ಅದಾರಪ್ಪ, ಯಾರ್ನಂತ ನೆನಪು ಇಟ್ಕೊಳ್ಳಾಣ?” ಎಂದ. ಆಮೇಲೆ ಲೋಟ ಕೆಳಗಿಟ್ಟ. “ಒಂದು ಕೇಳ್ತೀನಿ, ಖರೇ ಹೇಳು. ಕತ್ಲಾಗ ಅದು ನನ್ ಕೈ ಅಂತ ನಿನಗ ಗೊತ್ತಿತ್ತೇನ್ಲೇ?”

“ಗೊತ್ತಿತ್ತು,” ಎಂದೆ.

ಅವನು ತಲೆಯಾಡಿಸಿ ರಸ್ತೆ ಕಡೆ ನೋಡುತ್ತ ಕೂತ.

ಮಾಳಿಗೆ ಮನೆಗಳು ಹೋಗಿವೆ, ಗವಾಕ್ಷಿಗಳೂ ಹೋಗಿವೆ. ಈಗ ಗುಂಡಿ ಒತ್ತಿದರೆ ಮನೆಯೆಲ್ಲ ಬೆಳಕು. ಕವಳಿ ಗಿಡ ಗುಡ್ಡದಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ಗುರುತು ಹಿಡಿಯಲು ಬೆಳಕೇ ಬೇಕಿಲ್ಲದ ಕೈ ನನಗೆ ಅದೊಂದೇ ಇತ್ತು.