ಡೋರಾ ಬಾಸೆಲ್ ಹೂಂ ಅಂದದ್ದು

ಫಾಕ್ಸ್ ಬೆಂಡ್ ಕಾಲೊನಿಯ ದೊರೋಥಿಯಾ ಷ್ಟಾಲ್, ಎಲ್ಲರ ಬಾಯಲ್ಲಿ ಡೋರಾ, ಮೂರು ಗಂಡುಗಳನ್ನು ಬೇಡವೆಂದು ಕಳಿಸಿದವಳು. ಆಸ್ತಿ, ಊಟ, ದೇವರು ಎಲ್ಲವನ್ನೂ ಹಂಚಿಕೊಂಡು ಕಾಲೊನಿ ಕಟ್ಟಿ ಬಾಳುವ ನಮ್ಮ ಹಟರೈಟ್ ಜನರಲ್ಲಿ ಅದು ಸಣ್ಣ ಸುದ್ದಿಯಲ್ಲ. ಯಾವ ಕಾಲೊನಿಯ ಹುಡುಗಿ ಯಾರಿಗೆ ಏನಂದಳು ಎಂಬುದು ಕೆನಡಾದ ಸಸ್ಕಾಚೆವಾನ್‌ನಿಂದ ಆಲ್ಬರ್ಟಾದ ಆ ತುದಿಯವರೆಗೆ ಹೆಬ್ಬಾತಿನ ಪುಕ್ಕಕ್ಕಿಂತ ಸಲೀಸಾಗಿ ಹಾರಿ ಹೋಗುತ್ತದೆ. ಅವಳಿಗೆ ಜಂಬ ಎಂದರು ಕೆಲವರು. ಅವಳು ಮಾಡುವ ನೂಡಲ್ ಸೂಪನ್ನು ಬಿಟ್ಟುಕೊಡಲು ಅವಳಪ್ಪನಿಗೇ ಇಷ್ಟವಿಲ್ಲ ಎಂದರು ಇನ್ನು ಕೆಲವರು.

ನಿಜವಾದ ಕಾರಣ ಯುಡಿತ್. ಡೋರಾಳ ತಂಗಿ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತಿಲ್ಲ. ತೊಟ್ಟಿಲ ವಯಸ್ಸಿನಿಂದಲೇ ಅಕ್ಕತಂಗಿಯರು ತಮ್ಮಷ್ಟಕ್ಕೆ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಮೊಣಕಾಲು ತಿಕ್ಕಿದರೆ ಅಪ್ಪ. ಕಣ್ಣು ಮುಚ್ಚಿ ಗಡ್ಡ ಸವರಿದರೆ ಕಾಲೊನಿಯ ಪ್ರಾರ್ಥನೆ ನಡೆಸುವ ಬೋಧಕರು. ಮೊಣಕೈಗಳನ್ನು ಪಕ್ಕೆಗೆ ಬಡಿದರೆ ಹೆಬ್ಬಾತು, ಒಂದಕ್ಕೊಂದು ಕೊಂಡಿ ಹಾಕಿದರೆ ಮದುವೆ. ಅಮ್ಮನಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತು, ಉಳಿದವರಿಗೆ ಅದೂ ಇಲ್ಲ. ಮದುವೆಯಾದ ಹೆಣ್ಣು ಗಂಡನ ಕಾಲೊನಿಗೆ ಹೋಗಲೇಬೇಕು. ಡೋರಾ ಹೋದರೆ ಯುಡಿತ್ ಯಾರ ಜೊತೆ ಹರಟಬೇಕು?

ಹೀಗಿರುವಾಗ ಆಲ್ಬರ್ಟಾದ ಹೇ ಲೇಕ್ ಕಾಲೊನಿಯಿಂದ ಎಲಿಯಾಸ್ ವುರ್ಟ್ಸ್ ಎಂಬುವನು ಒಂದು ಹೋರಿಯನ್ನು ಲಾರಿಯಲ್ಲಿ ತಂದ. ದೊಡ್ಡ ಕಿವಿಯ, ಉದ್ದ ಕಾಲಿನ ಆಸಾಮಿ. ಹೋರಿ ಇಳಿಸಿ ಕೈ ತೊಳೆಯಲು ಬಟ್ಟೆ ಒಗೆಯುವ ಮನೆಯ ಕಡೆ ಬಂದರೆ, ಅಲ್ಲಿ ಚುಕ್ಕಿಚುಕ್ಕಿ ತಲೆವಸ್ತ್ರದ ಇಬ್ಬರು ಹುಡುಗಿಯರು ಸದ್ದಿಲ್ಲದೆ ನಕ್ಕೂ ನಕ್ಕೂ ಗೋಡೆಗೆ ಒರಗಿದ್ದರು. ಕಿರಿಯವಳು ಅವನನ್ನು ನೋಡಿದ್ದೇ ಎರಡೂ ಅಂಗೈಗಳನ್ನು ಕಿವಿಯ ಹತ್ತಿರ ಹಿಡಿದು ಬೀಸಿದಳು.

"ನನ್ನ ಬಗ್ಗೇನಾ ಅದು?" ಎಂದ ಎಲಿಯಾಸ್.

"ಇಲ್ಲಪ್ಪ, ಇವತ್ತು ಗಾಳಿ ಜೋರು ಅಂದ್ಳು," ಎಂದಳು ಡೋರಾ.

"ಗಾಳಿ ಎಲ್ಲಿದೆ? ನೇತಾಕಿರೋ ಬಟ್ಟೆ ಅಲ್ಲಾಡ್ತಿಲ್ಲ."

"ನಿಂಗ್ಯಾಕೆ ಬೇಕು? ಹೋರಿ ಇಳಿಸಾಯ್ತಲ್ಲ, ಹೋಗಿ ಊಟ ಮಾಡು."

ಎಲಿಯಾಸ್ ಊಟಕ್ಕೆ ಹೋಗುವ ಮುನ್ನ ಯುಡಿತ್‌ಳ ಕಡೆ ತಿರುಗಿ, ತನ್ನ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದು ಇನ್ನಷ್ಟು ಅಗಲ ಮಾಡಿ ತೋರಿಸಿದ. ಯುಡಿತ್‌ಗೆ ಆಶ್ಚರ್ಯ. ಹೊರಗಿನವನೊಬ್ಬ ಅವಳಿಗೆ ತಿರುಗಿ ಉತ್ತರ ಕೊಟ್ಟದ್ದು ಅದೇ ಮೊದಲು.

ಆಮೇಲೆ ಹೇ ಲೇಕ್‌ನಿಂದ ಫಾಕ್ಸ್ ಬೆಂಡ್‌ಗೆ ಏನೇ ಕಳಿಸುವುದಿದ್ದರೂ ಲಾರಿ ಓಡಿಸುವವನು ಎಲಿಯಾಸನೇ. ಕೊನೆಗೆ ತನ್ನ ಬೋಧಕರ ಮೂಲಕ ಕ್ರಮವಾಗಿ ಹೆಣ್ಣು ಕೇಳಿಸಿದ. ಡೋರಾ ಅವನನ್ನು ತರಕಾರಿ ತೋಟದ ಬೇಲಿಯ ಹತ್ತಿರ ನಿಲ್ಲಿಸಿಕೊಂಡು ನೇರವಾಗಿ ಹೇಳಿದಳು:

"ನೀನು ಕೆಟ್ಟವನು ಅಂತಲ್ಲ, ಎಲಿಯಾಸ್. ನಿಮ್ಮೂರಿಗೆ ಇಡೀ ದಿನದ ದಾರಿ. ವರ್ಷಕ್ಕೊಂದ್ಸಲ ಬಂದು ಹೋದ್ರೆ ನನ್ನ ತಂಗಿ ಉಳಿದ ದಿನ ಗೋಡೆ ಜೊತೆ ಮಾತಾಡ್ಬೇಕು."

"ಅವಳೂ ಬರ್ಲಿ."

"ಮದುವೆ ಆಗ್ದಿರೋಳನ್ನ ಅಪ್ಪ ಅಮ್ಮ ಕಳಿಸಲ್ಲ. ಅವರಿಗೂ ಅವಳು ಬೇಕಲ್ಲ?"

ಎಲಿಯಾಸ್ ಬೇಲಿಯ ಗೂಟವನ್ನು ಸ್ವಲ್ಪ ಹೊತ್ತು ಅಲ್ಲಾಡಿಸಿ ನೋಡಿ, "ಇದು ಸಡಿಲ ಆಗಿದೆ," ಎಂದು ಹೊರಟುಹೋದ.

ಮರುವರ್ಷ ಹೇ ಲೇಕ್ ಕಾಲೊನಿ ತುಂಬಿತು. ಊಟದ ಮನೆಯ ಬೆಂಚುಗಳಲ್ಲಿ ಭುಜಕ್ಕೆ ಭುಜ ತಾಗತೊಡಗಿದರೆ ಕಾಲೊನಿ ಎರಡಾಗುವ ಕಾಲ ಬಂತೆಂದೇ ಲೆಕ್ಕ. ಹೊಸ ಜಾಗ ಹುಡುಕಲು ಬೋಧಕರಾದ ಪೌಲ್ ಫೆಟ್ಟರ್, ಹೊಲದ ಉಸ್ತುವಾರಿಯ ಆಂಡ್ರಿಯಾಸ್ ಫೆಟ್ಟರ್ ಹೊರಟರು. ನಮ್ಮಲ್ಲಿ ಹಿರಿಯ ಗಂಡಸರೆಲ್ಲ ಫೆಟ್ಟರ್, ಹಿರಿಯ ಹೆಂಗಸರೆಲ್ಲ ಬಾಸೆಲ್. ಗಾಡಿ ಓಡಿಸುವವನು ಎಲಿಯಾಸ್.

ನದಿಯ ಪಕ್ಕದ ಒಂದು ಜಾಗ ಎಲ್ಲರ ಕಣ್ಣಿಗೂ ಹಿಡಿಸಿತ್ತು. ಬೆಣ್ಣೆಯಂಥ ಕಪ್ಪು ಮಣ್ಣು. ಇನ್ನೊಂದು ಜಾಗ ಫಾಕ್ಸ್ ಬೆಂಡ್‌ನಿಂದ ಅರ್ಧ ಗಂಟೆಯ ದಾರಿ. ಅಲ್ಲಿ ನೇಗಿಲು ಇಳಿಸಿದಲ್ಲೆಲ್ಲ ಕಲ್ಲು.

"ಕಲ್ಲಿದ್ರೆ ಏನಂತೆ," ಎಂದ ಎಲಿಯಾಸ್, ಯಾರೂ ಕೇಳದಿದ್ದರೂ. "ಕೊಟ್ಟಿಗೆಗೆ ಅಡಿಪಾಯ ಹಾಕೋಕೆ ಹೊರಗಿಂದ ತರೋ ಹಾಗೇ ಇಲ್ಲ."

"ಎಷ್ಟು ಕೊಟ್ಟಿಗೆ ಕಟ್ಟಿಸ್ತೀಯೋ?" ಎಂದರು ಆಂಡ್ರಿಯಾಸ್ ಫೆಟ್ಟರ್. "ಈ ಕಲ್ಲಲ್ಲಿ ಜೆರುಸಲೇಮ್ ಕಟ್ಟಬಹುದು."

"ಗಾಳಿನೂ ಚೆನ್ನಾಗಿದೆ, ಫೆಟ್ಟರ್. ಹಂದಿಗಳಿಗೆ ಒಳ್ಳೇದು."

"ಹಂದಿಗಳಿಗೋ, ನಿನಗೋ?"

ಪೌಲ್ ಫೆಟ್ಟರ್ ಬಾವಿಯ ನೀರು ಕುಡಿದು, ಮೀಸೆಯಿಲ್ಲದ ತುಟಿ ಒರೆಸಿಕೊಂಡು ಗಾಡಿ ಹತ್ತಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಕಲ್ಲಿನ ಜಾಗವೇ ಖಾಯಂ ಆಯಿತು. ಅದಕ್ಕೆ ಲಾರ್ಕ್ ಹಿಲ್ ಎಂದು ಹೆಸರಿಟ್ಟರು. ತನ್ನ ಬಾಯಿಚಾಲಾಕಿನಿಂದಲೇ ಎಲ್ಲ ಆಯಿತೆಂದು ಎಲಿಯಾಸ್ ಒಳಗೊಳಗೇ ಬೀಗಿದ.

ಆದರೆ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ಬಾಯಿಚಾಲಾಕು ತೀರ್ಮಾನಿಸುವುದಿಲ್ಲ. ಕಾಲೊನಿಯನ್ನು ಎರಡು ಪಾಲು ಮಾಡಿ, ಎರಡೂ ಪಾಲಿನವರು ಹಾಸಿಗೆ ಪಾತ್ರೆ ಎಲ್ಲ ಕಟ್ಟಿಟ್ಟು, ಪ್ರಾರ್ಥನೆ ಮಾಡಿ ಚೀಟಿ ಎತ್ತಿದರು. ಎಲಿಯಾಸನ ಪಾಲಿಗೆ ಉಳಿಯುವ ಚೀಟಿ ಬಂತು. ಕಟ್ಟಿದ ಪೆಟ್ಟಿಗೆಯ ಮೇಲೆ ಅವನು ಮುಸ್ಸಂಜೆಯವರೆಗೂ ಕೂತಿದ್ದನಂತೆ. ಊಟದ ಗಂಟೆ ಹೊಡೆದರೂ ಏಳಲಿಲ್ಲ. ಊಟ ತಪ್ಪಿಸುವ ಪೈಕಿಯವನೇ ಅಲ್ಲ ಅವನು.

ಅತ್ತ ಹೊರಡುವ ಪಾಲಿನಲ್ಲಿ ಪೌಲ್ ಫೆಟ್ಟರ್, ಆಂಡ್ರಿಯಾಸ್ ಫೆಟ್ಟರ್ ಜೊತೆಗೆ ಕಮ್ಮಾರ ಮಿಖಾಯೆಲ್ ಇದ್ದ. ಅವನ ಹೆಂಡತಿಗೆ ಏಳು ತಿಂಗಳು, ಅವಳ ತಾಯಿ ಉಳಿಯುವ ಪಾಲಿನಲ್ಲಿ. ಮರುದಿನ ಬೆಳಗ್ಗೆ ಮಿಖಾಯೆಲ್ ಮತ್ತು ಎಲಿಯಾಸ್ ಇಬ್ಬರೂ ಟೋಪಿ ಕೈಯಲ್ಲಿ ಹಿಡಿದು, ತಮ್ಮನ್ನು ಅದಲುಬದಲು ಮಾಡಿರೆಂದು ಕೇಳಲು ಪೌಲ್ ಫೆಟ್ಟರ್ ಬಾಗಿಲಲ್ಲಿ ನಿಂತರು.

"ಚೀಟಿ ದೇವರದು," ಎಂದರು ಪೌಲ್ ಫೆಟ್ಟರ್.

ಇಬ್ಬರೂ ಟೋಪಿ ಮತ್ತೆ ತಲೆಗಿಟ್ಟು ಹಿಂದಕ್ಕೆ ತಿರುಗಿದರು.

"ಹೆತ್ತ ತಾಯಿಯ ಕೈಯೂ ದೇವರದೇ," ಎಂದು ಅವರೇ ಮುಂದುವರಿಸಿದರು. "ನಿಂಗೆ ಕಬ್ಬಿಣ ಬಡಿಯೋಕೆ ಬರುತ್ತೇನೋ, ಎಲಿಯಾಸ್?"

"ಕಲಿತೀನಿ, ಫೆಟ್ಟರ್."

"ಹೆಬ್ಬೆಟ್ಟು ಉಳಿಸ್ಕೊಂಡು ಕಲಿ. ಹೋಗು."

ಆ ಬೇಸಿಗೆ ಲಾರ್ಕ್ ಹಿಲ್‌ನಲ್ಲಿ ಮನೆಗಳೇಳತೊಡಗಿದವು. ಕಟ್ಟುವವರಿಗೆ ಅಡುಗೆ ಮಾಡಲು ಫಾಕ್ಸ್ ಬೆಂಡ್‌ನ ಹೆಂಗಸರು ಬರುತ್ತಿದ್ದರು. ಡೋರಾ, ಯುಡಿತ್ ಇಬ್ಬರೂ ಬಂದರು. ಎಲಿಯಾಸ್ ಅಷ್ಟರಲ್ಲಿ ಕೈಭಾಷೆಯನ್ನು ಚೂರುಚೂರಾಗಿ ಹೆಕ್ಕಿಕೊಂಡಿದ್ದ. ಒಂದು ಮಧ್ಯಾಹ್ನ ಕುಲುಮೆಯ ಮಸಿ ಮುಖದಲ್ಲೇ ಅಡುಗೆ ಚಪ್ಪರದ ಮುಂದೆ ಬಂದು ನಿಂತ. ಡೋರಾಳ ಬದಲು ಯುಡಿತ್‌ಳನ್ನೇ ಕೇಳಬೇಕೆಂದು ತೀರ್ಮಾನಿಸಿದ್ದ. ನಿನ್ನ ಅಕ್ಕನನ್ನು ಮದುವೆಯಾಗಲೇ ಎಂಬುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿದ್ದ. ಆದರೆ ಅಷ್ಟು ಹೆಂಗಸರು ಒಟ್ಟಿಗೆ ತಿರುಗಿ ನೋಡಿದಾಗ ಕಲಿತದ್ದೆಲ್ಲ ತಲೆಕೆಳಗಾಯಿತು. ಕೊಂಡಿ ಹಾಕಬೇಕಾದ ಮೊಣಕೈಗಳನ್ನು ಪಕ್ಕೆಗೆ ಪಟಪಟ ಬಡಿದುಬಿಟ್ಟ.

ಯುಡಿತ್ ಸೌಟು ಎಸೆದು ಹೆಬ್ಬಾತಿನ ದೊಡ್ಡಿಯ ಕಡೆ ಓಡಿದಳು. ಹೆಬ್ಬಾತು ತಪ್ಪಿಸಿಕೊಂಡಿವೆ ಎಂದು ತಿಳಿದು ಉಳಿದವರೂ ಏಪ್ರನ್ ಎತ್ತಿಕಟ್ಟಿ ಓಡಿದರು. ದೊಡ್ಡಿಯಲ್ಲಿ ಒಂದೂ ತಪ್ಪಿರಲಿಲ್ಲ. ಅಷ್ಟು ಜನ ನುಗ್ಗಿದ್ದಕ್ಕೆ ಬೆದರಿ ಆಮೇಲೆ ಎಲ್ಲವೂ ತಪ್ಪಿಸಿಕೊಂಡವು.

ಚಪ್ಪರದಲ್ಲಿ ಉಳಿದವಳು ಡೋರಾ ಒಬ್ಬಳೇ.

"ಏನು ಕೇಳೋಕೆ ಹೊರಟಿದ್ದೆ?"

ಎಲಿಯಾಸ್ ಈ ಸಲ ನಿಧಾನವಾಗಿ, ಸರಿಯಾಗಿ ಮಾಡಿ ತೋರಿಸಿದ.

"ಅವಳನ್ನ ಕೇಳ್ಬೇಕು ಅಂತ ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ಅವಳು ಬೇಡ ಅಂದ್ರೆ ನೀನೂ ಬೇಡ ಅಂತೀಯ, ಗೊತ್ತಲ್ಲ."

ಡೋರಾ ಸೂಪಿನ ಹಂಡೆಯನ್ನು ಒಮ್ಮೆ ಕಲಕಿದಳು. ಇಷ್ಟನ್ನೂ ಅವಳೇ ನನಗೆ ಹೇಳಿದ್ದು. "ಹೂಂ," ಎಂದಳು. "ಈಗ ಹೋಗಿ ಆ ಹೆಬ್ಬಾತು ಹಿಡಿ."

ಮದುವೆಯ ಊಟದಲ್ಲಿ ಎಲಿಯಾಸ್ ಖುಷಿ ತಡೆಯಲಾರದೆ ಪೌಲ್ ಫೆಟ್ಟರಿಗೆ ಹೇಳಿದ, "ನಾನು ಅವತ್ತು ಈ ಜಾಗ ಹೊಗಳದೇ ಇದ್ದಿದ್ರೆ..."

"ನಿನ್ನ ಮಾತು ಕೇಳಿ ಕಲ್ಲು ಕೊಂಡ್ವಿ ಅಂದ್ಕೊಂಡ್ಯಾ?" ಎಂದರು ಪೌಲ್ ಫೆಟ್ಟರ್, ಹುರಿದ ಬಾತಿನ ಕಾಲು ಮುರಿಯುತ್ತ. "ನದಿ ಪಕ್ಕದ ಊರಿನವರು, ಹಟರೈಟರು ನಮ್ಮ ನೆರೆಹೊರೆಗೆ ಬೇಡ ಅಂತ ಗಲಾಟೆ ಎಬ್ಬಿಸಿದ್ರು. ಮಾರೋನು ಹೆದರಿ ಹಿಂದೆ ಸರಿದ. ತಿನ್ನು ತಿನ್ನು, ಬಾಯಿ ಮುಚ್ಕೊಂಡು ತಿನ್ನು."

ಮುಂದಿನ ಎಷ್ಟೋ ವಸಂತಗಳಲ್ಲಿ ನಾವೆಲ್ಲ ಆ ಹೊಲದ ಕಲ್ಲು ಆರಿಸಿದೆವು. ಹಿಮ ಕರಗಿದ ಮೇಲೆ ಹೊಸದಾಗಿ ಮೇಲೆ ಬಂದಿರುತ್ತಿದ್ದವು, ಹೋದ ವರ್ಷ ಆರಿಸಿಯೇ ಇಲ್ಲವೇನೋ ಎಂಬಂತೆ. ಎಲಿಯಾಸ್ ಸಾಧಾರಣ ಕಮ್ಮಾರನಾದ, ಹೆಬ್ಬೆಟ್ಟು ಉಳಿಸಿಕೊಂಡ. ಡೋರಾಳಿಗೆ ಮಕ್ಕಳು ಐವರು. ಪ್ರತಿ ಭಾನುವಾರ ಯಾವುದಾದರೊಂದು ಗಾಡಿ ಅವಳನ್ನು ಕೂರಿಸಿಕೊಂಡು ಫಾಕ್ಸ್ ಬೆಂಡ್‌ಗೆ ಹೋಗಿಯೇ ಹೋಗುತ್ತಿತ್ತು. ಅಡುಗೆಮನೆಯ ಯಜಮಾನಿಕೆ ಅವಳ ಪಾಲಿಗೆ ಬಂದಾಗ ನಾನು ಅವಳ ಕೈಕೆಳಗೆ ಹಿಟ್ಟು ನಾದಲು ಸೇರಿದೆ. ಬೈಯುವುದರಲ್ಲಿ ಎತ್ತಿದ ಕೈ, ಆದರೆ ಬೈದ ಮೇಲೆ ಬಿಸಿ ಬನ್ನಿಗೆ ಬೆಣ್ಣೆ ಹಚ್ಚಿ ಕೈಗಿಡುತ್ತಿದ್ದಳು.

ತಂದೆತಾಯಿ ತೀರಿಕೊಂಡ ಮೇಲೆ ಯುಡಿತ್ ಲಾರ್ಕ್ ಹಿಲ್‌ಗೇ ಬಂದಳು. ನಮ್ಮಲ್ಲಿ ಊಟದ ಹೊತ್ತಿಗೆ ಮಾತಿಲ್ಲ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಚಮಚದ ಸದ್ದು ಮಾತ್ರ. ಡೋರಾಳ ಹೆಣ್ಣುಮಕ್ಕಳು ಅಲ್ಲಿ ಚಿಕ್ಕಮ್ಮನ ಜೊತೆ ಕೈಯಲ್ಲಿ ಹರಟಿದರು. ಅವರಿಂದ ಅವರ ಗೆಳತಿಯರು ಕಲಿತರು. ವರ್ಷ ತುಂಬುವುದರೊಳಗೆ ಹೆಂಗಸರ ಕಡೆಯ ಬೆಂಚುಗಳಲ್ಲಿ ತುಟಿ ಬಿಚ್ಚದೆಯೇ ಇಡೀ ಕಾಲೊನಿಯ ವಿಚಾರಣೆ ನಡೆಯುತ್ತಿತ್ತು. ಆಂಡ್ರಿಯಾಸ್ ಫೆಟ್ಟರ್ ದೂರು ಕೊಟ್ಟರು. ಆಗಲೇ ಮುದುಕರಾಗಿದ್ದ ಪೌಲ್ ಫೆಟ್ಟರ್ ಯೋಚಿಸಿ, "ಸದ್ದು ಬರ್ತಿದೆಯಾ?" ಎಂದು ಕೇಳಿದರು.

"ಸದ್ದೇನೋ ಇಲ್ಲ..."

"ಮತ್ತೆ?"

ಎಲಿಯಾಸ್ ಹೋಗಿ ಕೆಲವು ವರ್ಷಗಳಾದವು. ಹೃದಯ ನಿಂತು, ಕುಲುಮೆಯ ಪಕ್ಕದ ಬೆಂಚಿನ ಮೇಲೆಯೇ. ಡೋರಾ ಬಾಸೆಲ್ ಆ ಚಳಿಗಾಲವೆಲ್ಲ ಬಾಯಿ ಬಿಟ್ಟು ಆಡಿದ ಮಾತು ಬಹಳ ಕಡಿಮೆ. ತಂಗಿಯ ಜೊತೆ ಮಾತ್ರ ಕಿಟಕಿಯ ಹತ್ತಿರ ಕೂತು ಕೈಯಾಡಿಸುತ್ತಿದ್ದಳು, ಒಮ್ಮೊಮ್ಮೆ ಇಬ್ಬರೂ ಅಳುತ್ತಿದ್ದರು, ಒಮ್ಮೊಮ್ಮೆ ನಗುತ್ತಿದ್ದರು.

ಈಗ ಇಬ್ಬರಿಗೂ ತಲೆವಸ್ತ್ರದ ಕೆಳಗೆ ಬಿಳಿ ಕೂದಲು. ಮೊನ್ನೆ ಆಲೂಗಡ್ಡೆ ಸುಲಿಯುತ್ತ ಕೂತವರು ಯಾವುದೋ ವಿಷಯಕ್ಕೆ ಚಾಕು ಕೆಳಗಿಟ್ಟು ಕೈ ಬೀಸಾಡಿ ಜಗಳಕ್ಕಿಳಿದರು. ಏನಾಯಿತು ಎಂದು ನಾನು ಕೇಳಿದರೆ, ಡೋರಾ ಬಾಸೆಲ್ ಉಸ್ಸಪ್ಪಾ ಎಂದು ಒರಗಿಕೊಂಡಳು.

"ನಾನು ಸಿಪ್ಪೆ ದಪ್ಪ ತೆಗೀತೀನಂತೆ. ಹೇಳು ಅವಳಿಗೆ, ಕಣ್ಣು ಮಂಜಾಗಿರೋದು ನನಗಲ್ಲ, ಅವಳಿಗೆ. ಬೇಡ, ಬಿಡು, ನಾನೇ ಹೇಳ್ತೀನಿ."