ಬಳೆಗಾರನ ವೇಷ ಹಾಕಿಕೊಂಡು ಬಂದ ಪತ್ತೇದಾರ

ಆಗ ನನಗೆ ಹತ್ತೊಂಬತ್ತು. ಅದಾಗಿ ಅರವತ್ತು ವರ್ಷ ಆಗ್ತಾ ಬಂತು.

ನಮ್ಮೂರು ಇಕ್ಕೇರಿ ಹತ್ರ. ಹೊಸನಗರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಅಪ್ಪ ಇಲ್ಲದ ಮನೆ, ಅಣ್ಣಂಗೆ ನನ್ನನ್ನ ಸಾಗಹಾಕಿದ್ರೆ ಸಾಕಾಗಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಹುಡುಗಿ ಎಡತೋಳಲ್ಲಿ ತೊನ್ನಿದೆ ಅಂತ ಗಂಡಿನ ಕಡೆಯವರ ಕಿವಿಗೆ ಹಾಕಿದ್ರು. ಇದ್ದಿದ್ದು ಸುಟ್ಟ ಕಲೆ. ಆಲೆಮನೆಯಲ್ಲಿ ಕುದಿಯೋ ಬೆಲ್ಲದ ಪಾಕ ಸಿಡಿದು ಚರ್ಮ ಬೆಳ್ಳಗಾಗಿತ್ತು. ಬಂದು ಕೇಳಿದ್ರೆ ತೋರಿಸ್ತಿದ್ದೆ. ಕೇಳೋ ಮರ್ಯಾದೆ ಅವರಿಗೆಲ್ಲಿ?

ಒಂದು ಮಧ್ಯಾಹ್ನ ಬಳೆಗಾರ ಬಂದ. ಹೊಸಬ. ಹೆಗಲ ಮೇಲಿದ್ದ ಬಳೆ ಗೊಂಚಲಿನ ಮಲಾರ ಜಗುಲಿ ಮೇಲೆ ಇಳಿಸಿದ. ಅತ್ತಿಗೆ ನನ್ನನ್ನ ಅವನ ಮುಂದೆ ಕೂರಿಸಿದ್ಲು. ಬಳೆಗಾರ ಅಂದ್ರೆ ಮೊದಲು ಅಂಗೈ ಒತ್ತಿ ಮೆತ್ತಗೆ ಮಾಡಿ, ಹೆಬ್ಬೆರಳು ಒಳಗೆ ಮಡಚಿಸಿ ಬಳೆ ಜಾರಿಸ್ತಾನೆ. ಈ ಮಹಾಶಯ ಗೂಟಕ್ಕೆ ಬಳೆ ಸಿಕ್ಕಿಸೋ ಹಾಗೆ ತಳ್ಳಿದ. ಮೂರು ಬಳೆ ಚೂರು, ಕೈಯೆಲ್ಲ ರಕ್ತ. ಆಮೇಲೆ ರವಿಕೆ ತೋಳು ಮೇಲೆತ್ತಕ್ಕೆ ನೋಡ್ದ.

"ಎಂತದಾ ಮಾರಾಯ, ಬಳೆ ಭುಜಕ್ಕಿಡ್ತೀಯಾ?" ಅಂದ್ಲು ಅತ್ತಿಗೆ.

"ಸ್ವಲ್ಪ ಬೆಳಕಿಗೆ ತಿರುಗಮ್ಮ," ಅಂದ ಅವ.

"ದನದ ವ್ಯಾಪಾರಕ್ಕೆ ಬಂದ್ಯಾ? ಹಲ್ಲೂ ನೋಡ್ತೀಯಾ?" ಅಂದೆ.

ಅತ್ತಿಗೆ ಪೊರಕೆ ಎತ್ತಿದ ಮೇಲೆ ಬಾಯಿ ಬಿಟ್ಟ. ಸಾಗರದವನಂತೆ, ಖಾಸಗಿ ಪತ್ತೇದಾರನಂತೆ, ಕಳಿಸಿದ್ದು ಹುಡುಗನ ಅಪ್ಪನಂತೆ. ನಾಚಿಕೆ? ಎದೆ ಉಬ್ಬಿಸಿ ಪುರಾಣ ಶುರು ಮಾಡ್ದ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸ್ ದೇಶದಲ್ಲಿ ಒಬ್ಬ ಇದ್ನಂತೆ. ಮೊದಲು ಕಳ್ಳ, ವೇಷ ಹಾಕ್ಕೊಂಡು ಜೈಲಿಂದ ಓಡಿಹೋಗೋನು. ಆಮೇಲೆ ಪೊಲೀಸರ ಜೊತೆ ಸೇರಿ ಕಳ್ಳರನ್ನೇ ಹಿಡಿದ. ಕೊನೆಗೆ ಊರವರ ಗುಟ್ಟು ಹುಡುಕಿಕೊಡಕ್ಕೆ ತನ್ನದೇ ಆಫೀಸು ತೆಗೆದ. ಆ ಕಸುಬಿಗೆ ಅವನೇ ಮೊದಲಿಗ ಅಂತೆ. ಪೊಲೀಸರಿಗೆ ಹೊಟ್ಟೆಯುರಿದು ಆಫೀಸಿಗೆ ನುಗ್ಗಿ ಕಾಗದ ಪತ್ರ ಹೊತ್ಕೊಂಡು ಹೋದ್ರಂತೆ.

"ಅಂಥೋನ ದಾರಿ ನಮ್ದು," ಅಂದ.

"ಅವ ಕದ್ದು ಕಲಿತು ಕಳ್ಳರನ್ನ ಹಿಡಿದ. ನೀನು ಒಂದು ದಿನನಾದ್ರೂ ಬಳೆ ಇಟ್ಟಿದೀಯಾ?" ಅಂದೆ.

ನಾನೇ ತೋಳೆತ್ತಿ ಕಲೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಸುಟ್ಟಿದ್ದೂ ಇರಬಹುದು, ತೊನ್ನೂ ಇರಬಹುದು. ಅನುಮಾನ ಇದೆ ಅಂತ ಬರೀತೀನಿ," ಅಂದ. ಸುಟ್ಟ ಚರ್ಮದ ಗುರುತು ಸಿಗದ ಪತ್ತೇದಾರ!

ಅಷ್ಟೊತ್ತಿಗೆ ಗದ್ದೆಯಿಂದ ಅಣ್ಣ ಬಂದ, ಅತ್ತಿಗೆ ನಡೆದಿದ್ದೆಲ್ಲ ಹೇಳಿದ್ಲು. ಒದ್ದು ಓಡಿಸ್ತಾನೆ ಅಂದ್ಕಂಡೆ. ಅವ ಕಾಫಿ ಕೊಡಿಸಿ ಕೈ ಮುಗಿದ. "ಸುಟ್ಟ ಕಲೆ ಅಂತಲೇ ಬರೀರಿ ಸ್ವಾಮಿ, ಸಂಬಂಧ ತಪ್ಪಿಸಬೇಡಿ." ಆ ಬಳೆ ವೇಷದವನಿಗಿಂತ ಅಣ್ಣನ ಮುಗಿದ ಕೈ ನೋಡಿ ನನಗೆ ಹೇಸಿಗೆ ಆಯ್ತು. ತೊನ್ನೇ ಇದ್ರೂ ಅದೇನು ನಾ ಮಾಡಿದ ಕೊಲೆಯಾ?

ಮಾರನೆ ಬೆಳಿಗ್ಗೆ ಯಾರಿಗೂ ಹೇಳದೆ ಸಾಗರಕ್ಕೆ ನಡೆದು, ಹೊಸನಗರದ ಬಸ್ಸು ಹತ್ತಿ, ಆ ಮನೆ ಅಂಗಳದಲ್ಲಿ ನಿಂತೆ. ಹುಡುಗನ ಅಪ್ಪ ಎಲೆಗೆ ಸುಣ್ಣ ಹಚ್ತಾ ಕೂತಿದ್ದ. ತೋಳು ಅವನ ಮೂಗಿನ ಹತ್ರ ಹಿಡಿದು, "ಸರೀ ನೋಡ್ಕಳಿ, ಬೆಲ್ಲದ ಪಾಕ ಬಿದ್ದಿದ್ದು. ನಿಮ್ಮನೆಗೆ ನಾ ಬರದಿಲ್ಲ," ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ವಾಪಸ್ ನಡೆದೆ.